ಸೆಳವು ಜೋರಿರುವ ಹವಳದ ತೊಟ್ಟಿಗೆ ಎಂಥ ಮರಳು?

ಕಡಲಿನ ಉಪ್ಪುನೀರಿನಲ್ಲಿ ಜೀವಂತ ಹವಳ, ಮೀನು, ಸೀಗಡಿ, ಬಸವನಹುಳುಗಳನ್ನು ಒಟ್ಟಿಗೆ ಸಾಕುವ ಗಾಜಿನ ತೊಟ್ಟಿಗೆ ರೀಫ್ ಅಕ್ವೇರಿಯಂ ಎನ್ನುತ್ತಾರೆ. ಹವಳ ಕೂತಲ್ಲೇ ಕೂರುವ ಪ್ರಾಣಿ. ಅದರ ಬಾಯಿಗೆ ಆಹಾರ ತರುವುದು, ಮೈಮೇಲಿನ ಲೋಳೆ ಮತ್ತು ಕಸ ತೊಳೆಯುವುದು, ಆಮ್ಲಜನಕ ಒದಗಿಸುವುದು ಎಲ್ಲವೂ ಹರಿಯುವ ನೀರಿನ ಕೆಲಸ. ಹಾಗಾಗಿ ಇಂಥ ತೊಟ್ಟಿಯಲ್ಲಿ ಪಂಪುಗಳು ಹಗಲಿರುಳು ನೀರನ್ನು ಕದಡುತ್ತಿರುತ್ತವೆ. ಆ ಸೆಳವಿಗೆ ತಳದ ಮರಳು ಎದ್ದು ಹಾರಿ ಹವಳದ ಮೇಲೆ ಬಿದ್ದರೆ ಅದರ ಮೃದುವಾದ ಮೈಗೆ ಗಾಯವಾಗುತ್ತದೆ, ಒಂದು ಮೂಲೆಯಲ್ಲಿ ದಿಬ್ಬ ಬೆಳೆದು ಇನ್ನೊಂದು ಮೂಲೆಯಲ್ಲಿ ಗಾಜು ಬರಿದಾಗುತ್ತದೆ.

ರಾಯಚೂರು ಜಿಲ್ಲೆಯ ಸಿರವಾರ ಕಡಲಿನಿಂದ ಬಲು ದೂರ. ಆದರೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ನಾಡಿನಲ್ಲಿ ಮರಳಿಗೇನೂ ಬರವಿಲ್ಲ. ಮನೆ ಕಟ್ಟಲು ಹೆಸರಾದ ಈ ಉಸುಕನ್ನೇ ತೊಳೆದು ತೊಟ್ಟಿಗೆ ಹಾಕಿದರಾಗದೇ ಎಂದು ಹೊಸಬರು ಕೇಳುವುದು ಸಹಜ. ಆ ಉಸುಕು ಬೇಡ. ಆದರೆ ಅದನ್ನು ಜರಡಿ ಹಿಡಿದು, ಬಾಟಲಿಯಲ್ಲಿ ಕುಲುಕಿ ಪರೀಕ್ಷಿಸುವ ಗೌಂಡಿಯ ಜಾಣ್ಮೆ ಇಲ್ಲೂ ಬೇಕು. ಆಯ್ಕೆಗೆ ಒಂದು ಕ್ರಮವಿದೆ: ಮೊದಲು ಸೆಳವು, ಆಮೇಲೆ ಕಣದ ಗಾತ್ರ, ಆಮೇಲೆ ಖನಿಜ, ಕೊನೆಗೆ ಬಣ್ಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗುತ್ತದೆ.

ಸೆಳವು ಎಂದರೆ ಎಷ್ಟು?

ಪಂಪುಗಳು ಗಂಟೆಗೆ ತಳ್ಳುವ ಒಟ್ಟು ನೀರನ್ನು ತೊಟ್ಟಿಯ ನೀರಿನ ಪ್ರಮಾಣದಿಂದ ಭಾಗಿಸಿದರೆ ಸೆಳವಿನ ಅಂದಾಜು ಸಿಗುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ಗಂಟೆಗೆ 4,000 ಲೀಟರ್ ತಳ್ಳುವ ಎರಡು ಪಂಪುಗಳಿದ್ದರೆ 8,000 ಭಾಗಿಸು 200, ಅಂದರೆ 40 ಪಟ್ಟು. ಮೆತ್ತನೆ ಹವಳಗಳಿಗೆ 10ರಿಂದ 20 ಪಟ್ಟು ಸಾಕು. ಕವಲೊಡೆದು ಬೆಳೆಯುವ ಅಕ್ರೊಪೋರದಂಥ ಗಟ್ಟಿ ಹವಳಗಳಿಗೆ 30, 40 ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡುವವರಿದ್ದಾರೆ.

ಆದರೆ ಮರಳಿಗೆ ಈ ಸರಾಸರಿ ಲೆಕ್ಕ ಗೊತ್ತಿಲ್ಲ. ತನ್ನ ಮೇಲೆ ಹಾಯುವ ನೀರಿನ ವೇಗವಷ್ಟೇ ಅದಕ್ಕೆ ಮುಖ್ಯ. ಅದೇ 40 ಪಟ್ಟಿನ ಪಂಪು ನೀರಿನ ಮೇಲ್ಮೈಯತ್ತ ಮುಖ ಮಾಡಿದ್ದರೆ ತಳ ಶಾಂತವಾಗಿರುತ್ತದೆ. ತಳದತ್ತ ಬಾಗಿಸಿದರೆ ಒಂದೇ ರಾತ್ರಿಯಲ್ಲಿ ಗುಂಡಿ ಬೀಳುತ್ತದೆ. ಎದುರಿನ ಗಾಜಿಗೆ ಬಡಿದು ಕೆಳಗಿಳಿಯುವ ನೀರೂ ಮರಳನ್ನು ಕೆದಕುತ್ತದೆ. ಗುಂಡಿ ಪಂಪಿನ ಬುಡದಲ್ಲಿ ಬೀಳದೆ ಎದುರು ಗೋಡೆಯ ಬುಡದಲ್ಲಿ ಬೀಳುವುದು ಇದರಿಂದಲೇ.

ಕಾಲುವೆಯಲ್ಲಿ ಕಾಣುವ ನಿಯಮ

ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿರವಾರ ಸೀಮೆ ದಾಟಿ ರಾಯಚೂರಿನ ಕಡೆ ಸಾಗುತ್ತದೆ. ನೀರು ನಿಲ್ಲಿಸಿದ ದಿನಗಳಲ್ಲಿ ಯಾವುದಾದರೂ ಉಪಕಾಲುವೆಯ ತಳಕ್ಕೆ ಇಳಿದು ನೋಡಿ. ತೂಬಿನ ಬಾಯಿಯಿಂದ ನೀರು ಧುಮುಕುವ ಕಡೆ ಸಣ್ಣ ಕಲ್ಲು, ದಪ್ಪ ಹರಳು ಮಾತ್ರ ಉಳಿದಿರುತ್ತವೆ. ಸ್ವಲ್ಪ ಮುಂದೆ ಒರಟು ಮರಳು, ಇನ್ನೂ ಮುಂದೆ ನುಣ್ಣನೆ ಮರಳು. ನೀರು ಬಹುತೇಕ ನಿಂತೇಬಿಡುವ ಕೊನೆ ಭಾಗದಲ್ಲಿ ಕಾಲು ಹೂತುಕೊಳ್ಳುವ ಹೂಳು. ಯಾರೂ ವಿಂಗಡಿಸಿದ್ದಲ್ಲ, ನೀರೇ ತನ್ನ ವೇಗಕ್ಕೆ ತಕ್ಕಂತೆ ಹೊತ್ತು ತಂದು, ಕೈಲಾಗದ ಕಡೆ ಇಳಿಸಿ ಹೋಗಿದೆ. ಗಾಜಿನ ತೊಟ್ಟಿಯಲ್ಲಿ ಇದೇ ಕೆಲಸ ಮೂರು ಅಡಿ ಉದ್ದದಲ್ಲಿ ನಡೆಯುತ್ತದೆ. ನುಣುಪು ಮತ್ತು ಒರಟು ಬೆರೆಸಿ ಹಾಕಿದ ಮರಳು ಕೆಲವೇ ವಾರಗಳಲ್ಲಿ ಬೇರ್ಪಡುತ್ತದೆ. ಸೆಳವಿರುವ ಕಡೆ ಒರಟು ಮೇಲಕ್ಕೆ ಬರುತ್ತದೆ, ನುಣುಪು ಸೆಳವಿಲ್ಲದ ಮೂಲೆ ಸೇರುತ್ತದೆ.

ಇದರ ಹಿಂದಿನ ಗಣಿತ ಸರಳ. ನೀರು ಕಣವನ್ನು ತಳ್ಳುವ ಬಲ ಅದರ ಎದುರು ಮುಖದ ವಿಸ್ತೀರ್ಣವನ್ನು ಅವಲಂಬಿಸಿದೆ. ಕಣವನ್ನು ತಳಕ್ಕೆ ಹಿಡಿದಿಡುವ ತೂಕ ಅದರ ಘನ ಅಳತೆಯನ್ನು ಅವಲಂಬಿಸಿದೆ. ವ್ಯಾಸ ಅರ್ಧ ಮಿಲಿಮೀಟರಿನಿಂದ 2 ಮಿಲಿಮೀಟರಿಗೆ ಏರಿದರೆ ವಿಸ್ತೀರ್ಣ 16 ಪಟ್ಟು ಹೆಚ್ಚುತ್ತದೆ, ತೂಕ 64 ಪಟ್ಟು ಹೆಚ್ಚುತ್ತದೆ. ಎಂದರೆ ದಪ್ಪ ಕಣದ ಹಿಡಿತ ನಾಲ್ಕು ಪಟ್ಟು ಬಿಗಿ. ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಫಿಲಿಪ್ ಯೂಲ್‌ಸ್ಟ್ರಾಮ್ 1935ರಲ್ಲಿ ನದಿಗಳನ್ನು ಅಧ್ಯಯನ ಮಾಡಿ ಬರೆದ ವಕ್ರರೇಖೆ ಈ ಸಂಬಂಧವನ್ನೇ ತೋರಿಸುತ್ತದೆ. ಆ ರೇಖೆಯ ಪ್ರಕಾರ ನೀರಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕಿಬೀಳುವುದು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಆಸುಪಾಸಿನ ಮರಳು. ಅಕ್ವೇರಿಯಂ ಅಂಗಡಿಗಳಲ್ಲಿ ನೋಡಲು ಚೆಂದವೆಂದು ಹೆಚ್ಚು ಬಿಕರಿಯಾಗುವ ನುಣುಪು ಬಿಳಿ ಮರಳಿನ ಗಾತ್ರವೂ ಹೆಚ್ಚುಕಡಿಮೆ ಇದೇ.

ಕಣದ ಗಾತ್ರ

ತಳದ ಮೇಲೆ ನೇರ ಹೊಡೆತ ಬೀಳದಂತೆ ಪಂಪು ಕೂರಿಸಿದ ತೊಟ್ಟಿಗೆ ಒಂದು ಸ್ಥೂಲ ಅಂದಾಜು ಹೀಗಿದೆ:

ಅರ್ಧ ಮಿಲಿಮೀಟರಿಗಿಂತ ಸಣ್ಣದು: 10 ಪಟ್ಟಿನವರೆಗಿನ ಸೆಳವಿಗೆ ಮಾತ್ರ. ಜೋರು ಸೆಳವಿನಲ್ಲಿ ನೀರು ಸದಾ ಮಸುಕು.

ಅರ್ಧದಿಂದ 1 ಮಿಲಿಮೀಟರ್: 10ರಿಂದ 20 ಪಟ್ಟು. ಮೆತ್ತನೆ ಹವಳದ ತೊಟ್ಟಿಗೆ ಒಗ್ಗುತ್ತದೆ.

1ರಿಂದ 2 ಮಿಲಿಮೀಟರ್: 20ರಿಂದ 40 ಪಟ್ಟು. ಸಾಸಿವೆ ಕಾಳಿನ ಆಸುಪಾಸಿನ ಈ ಗಾತ್ರವೇ ಜೋರು ಸೆಳವಿನ ತೊಟ್ಟಿಗೆ ಹೇಳಿ ಮಾಡಿಸಿದ್ದು.

2ರಿಂದ 3 ಮಿಲಿಮೀಟರ್: 40 ಪಟ್ಟಿಗೂ ಮೇಲೆ, ಅಥವಾ ಹೊಡೆತ ಬೀಳುವ ಜಾಗಕ್ಕಷ್ಟೇ.

ಹಾಗಾದರೆ ಇನ್ನೂ ದಪ್ಪ ಹರಳು ಹಾಕಿದರೆ ಚಿಂತೆಯೇ ಇಲ್ಲವಲ್ಲ ಎನ್ನುವಂತಿಲ್ಲ. 3 ಮಿಲಿಮೀಟರ್ ದಾಟಿದ ಪುಡಿಹವಳದ ಸಂದುಗಳು ದೊಡ್ಡವು. ಮೀನಿಗೆ ಹಾಕಿದ ಆಹಾರ, ಮೀನಿನ ಹಿಕ್ಕೆ ಆ ಸಂದುಗಳಿಗಿಳಿದು ಕೊಳೆತು ನೈಟ್ರೇಟ್ ಹೆಚ್ಚಿಸುತ್ತವೆ. ಸೆಳವು ಮೇಲೆಯೇ ಹಾಯುತ್ತದೆ, ಕಸ ಕೆಳಗೇ ಉಳಿಯುತ್ತದೆ. 1ರಿಂದ 2 ಮಿಲಿಮೀಟರ್ ಮರಳಿನಲ್ಲಿ ಕಸ ಬಹಳ ಮಟ್ಟಿಗೆ ಮೇಲೇ ನಿಲ್ಲುತ್ತದೆ, ಸೆಳವು ಅದನ್ನು ಎತ್ತಿ ಫಿಲ್ಟರಿಗೆ ಒಯ್ಯುತ್ತದೆ.

ಆಕಾರವನ್ನೂ ಮರೆಯಬಾರದು. ದುಂಡನೆ ಕಣ ಉರುಳುತ್ತದೆ, ಆದರೆ ಬೇಗ ತಳ ಸೇರುತ್ತದೆ. ಚಪ್ಪಟೆ ಚಿಪ್ಪಿನ ಚೂರು ಗಾತ್ರದಲ್ಲಿ ದೊಡ್ಡದಿದ್ದರೂ ನೀರಿನಲ್ಲಿ ತೇಲಾಡುತ್ತಾ ದೂರ ಹೋಗುತ್ತದೆ. ಚೀಟಿಯ ಮೇಲೆ 2 ಮಿಲಿಮೀಟರ್ ಎಂದಿದ್ದರೂ ಒಳಗಿರುವುದು ಬಹುಪಾಲು ಚಿಪ್ಪಿನ ಹಲ್ಲೆಯಾದರೆ ಜೋರು ಸೆಳವಿಗೆ ಅದು ಸಲ್ಲದು.

ಗಾತ್ರ ಅಳೆಯಲು ಕಟ್ಟಡ ಕೆಲಸದ ಜರಡಿಗಳೇ ಸಾಕು. ಮರಳಿನ ಗುಣಮಟ್ಟ ಹೇಳುವ ಭಾರತೀಯ ಮಾನಕ ಐಎಸ್ 383ರ ಜರಡಿಗಳಲ್ಲಿ 2.36 ಮಿಲಿಮೀಟರ್, 1.18 ಮಿಲಿಮೀಟರ್ ಮತ್ತು 600 ಮೈಕ್ರಾನ್ ಕಣ್ಣಿನವು ಸೇರಿವೆ. 2.36ರ ಜರಡಿಯಲ್ಲಿ ಇಳಿದು 1.18ರ ಜರಡಿಯಲ್ಲಿ ನಿಂತದ್ದು ಜೋರು ಸೆಳವಿಗೆ ತಕ್ಕ ಮರಳು. 600 ಮೈಕ್ರಾನ್ ಜರಡಿಯಲ್ಲೂ ಸೋರಿಹೋದದ್ದು ಮುಂದೆ ಹೇಗೂ ಹಾರುವಂಥದ್ದು. ಅದನ್ನು ಮೊದಲೇ ತೆಗೆದಿಡುವುದು ಲೇಸು.

ಖನಿಜ: ಅರಗೊನೈಟ್ ಏಕೆ?

ಹವಳದ ಅಸ್ಥಿ ಕ್ಯಾಲ್ಸಿಯಂ ಕಾರ್ಬೊನೇಟಿನ ಅರಗೊನೈಟ್ ಎಂಬ ರೂಪ. ಹವಳದಿಬ್ಬದ ಮರಳೂ ಮುರಿದ ಹವಳ, ಚಿಪ್ಪು, ಹಲಿಮೇಡ ಎಂಬ ಸುಣ್ಣಗಟ್ಟುವ ಪಾಚಿಯ ಚೂರುಗಳಿಂದಾದದ್ದು. ಹವಳದ ಬಂಡೆಯನ್ನು ಕೆರೆದು ತಿನ್ನುವ ಗಿಳಿಮೀನುಗಳೂ ಇದರಲ್ಲಿ ಪಾಲುದಾರರು. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ವಿಸರ್ಜಿಸುತ್ತದೆ. ಮಾರುಕಟ್ಟೆಗೆ ಬರುವ ಅರಗೊನೈಟ್ ಮರಳಿನ ಒಂದು ಹೆಸರಾಂತ ಮೂಲ ಬಹಾಮಾಸ್ ದ್ವೀಪಗಳ ಸುತ್ತಲಿನ ಆಳವಿಲ್ಲದ ಕಡಲು. ಅಲ್ಲಿ ಸುಣ್ಣ ನೀರಿನಿಂದಲೇ ಪದರಪದರವಾಗಿ ಕೂತು ದುಂಡನೆಯ ನುಣುಪು ಕಣಗಳಾಗುತ್ತದೆ.

ಅರಗೊನೈಟಿನ ಸಾಪೇಕ್ಷ ಸಾಂದ್ರತೆ 2.93, ಬೆಣಚುಕಲ್ಲಿನದು 2.65. ಉಪ್ಪುನೀರಿನೊಳಗೆ ತೂಗಿದರೆ ಒಂದೇ ಗಾತ್ರದ ಗಟ್ಟಿ ಕಣಗಳಲ್ಲಿ ಅರಗೊನೈಟ್ ಆರನೇ ಒಂದು ಪಾಲಿನಷ್ಟು ಹೆಚ್ಚು ಭಾರ. ಸೆಳವಿನ ತೊಟ್ಟಿಗೆ ಇದು ಅನುಕೂಲ. ಆದರೆ ಹವಳದ ಚೂರುಗಳಲ್ಲಿ ರಂಧ್ರಗಳಿರುವುದರಿಂದ ಈ ಲಾಭ ಎಲ್ಲ ಮರಳಿಗೂ ಪೂರ್ತಿ ಸಿಗುವುದಿಲ್ಲ.

ಗಡಸುತನದಲ್ಲಿ ಅಂತರ ಇನ್ನೂ ದೊಡ್ಡದು. ಮೋಸ್ ಮಾಪನದಲ್ಲಿ ಅರಗೊನೈಟ್ 3.5ರಿಂದ 4, ಗಾಜು ಸುಮಾರು 5.5, ಬೆಣಚುಕಲ್ಲು 7. ಪಾಚಿ ಉಜ್ಜುವ ಅಯಸ್ಕಾಂತದ ಬ್ರಷ್ಷಿಗೆ ಒಂದೇ ಒಂದು ಬೆಣಚು ಕಣ ಸಿಕ್ಕಿಕೊಂಡರೂ ಗಾಜಿನ ಉದ್ದಕ್ಕೂ ಗೆರೆ ಬೀಳುತ್ತದೆ. ಅರಗೊನೈಟ್ ಗಾಜಿಗಿಂತ ಮೆದುವಾದ್ದರಿಂದ ಆ ಭಯ ಕಡಿಮೆ. ಅಕ್ರಿಲಿಕ್ ತೊಟ್ಟಿಯಾದರೆ ಮಾತ್ರ ಎರಡೂ ಗೀರುತ್ತವೆ.

ಅರಗೊನೈಟ್ ಮರಳು ಹಾಕಿದರೆ ಕ್ಯಾಲ್ಸಿಯಂ, ಕ್ಷಾರೀಯತೆ, ಪಿಎಚ್ ತಾವಾಗಿಯೇ ಸರಿಯಿರುತ್ತವೆ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಇದು ಅರೆಸತ್ಯ. ತೊಟ್ಟಿಯ ನೀರಿನ ಪಿಎಚ್ ಸಾಮಾನ್ಯವಾಗಿ 7.8ರಿಂದ 8.4ರ ನಡುವೆ ಇರುತ್ತದೆ. ಆ ಸ್ಥಿತಿಯಲ್ಲಿ ಅರಗೊನೈಟ್ ಹೇಳಿಕೊಳ್ಳುವಷ್ಟು ಕರಗುವುದಿಲ್ಲ. ಮರಳಿನ ಆಳದಲ್ಲಿ ಕೊಳೆಯುವಿಕೆಯಿಂದ ಪಿಎಚ್ ಇಳಿದ ಕಡೆ ಸ್ವಲ್ಪ ಕರಗಬಹುದು. ಬೆಳೆಯುವ ಗಟ್ಟಿ ಹವಳದ ಹಸಿವಿಗೆ ಅದು ಸಾಲದು. ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯನ್ನು ಬೇರೆಯಾಗಿ ಒದಗಿಸಲೇಬೇಕು.

ಹೊಳೆಯ ಉಸುಕು ಏಕೆ ಬೇಡ?

ರಾಯಚೂರು ಜಿಲ್ಲೆಯ ಬಹುಭಾಗ ಪುರಾತನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನೆಲ. ಅವು ಶಿಥಿಲವಾಗಿ ಆದ ಉಸುಕಿನಲ್ಲಿ ಮುಖ್ಯವಾಗಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಇರುತ್ತವೆ. ದೇವದುರ್ಗದ ಕಡೆಯ ಕೃಷ್ಣೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕಪ್ಪು ಬಸಾಲ್ಟ್ ನೆಲವನ್ನೂ ಹಾಯ್ದು ಬರುತ್ತದೆ. ಬಸಾಲ್ಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವಿದೆ. ಒಣಗಿದ ಹೊಳೆ ಉಸುಕಿನಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ತೊಟ್ಟಿಯೊಳಗೂ ಇದೇ ಆಗುತ್ತದೆ. ಸೆಳವಿಗೆ ಎದ್ದ ಕಪ್ಪು ಕಣ ಪಂಪಿನ ತಿರುಗುವ ಅಯಸ್ಕಾಂತಕ್ಕೆ ಅಂಟಿ ಅದನ್ನು ಸವೆಸುತ್ತದೆ, ಗಾಜು ಉಜ್ಜುವ ಬ್ರಷ್ಷಿಗೆ ಅಂಟಿ ಗಾಜು ಗೀರುತ್ತದೆ.

ಜೊತೆಗೆ ಹೊಳೆ ಉಸುಕಿನಲ್ಲಿ ಹೂಳು, ಗದ್ದೆಯಿಂದ ಬಸಿದ ಗೊಬ್ಬರ ಮತ್ತು ಕೀಟನಾಶಕದ ಶೇಷ ಇರುವ ಸಾಧ್ಯತೆಯಿದೆ. ಸೀಗಡಿ, ಬಸವನಹುಳು, ಹವಳಗಳು ತಾಮ್ರದಂಥ ಲೋಹಗಳ ಅತಿ ಸಣ್ಣ ಪ್ರಮಾಣವನ್ನೂ ತಾಳಲಾರವು. ಪರವಾನಗಿ ಇಲ್ಲದೆ ಹೊಳೆಯಿಂದ ಮರಳು ತೆಗೆಯುವುದು ಅಪರಾಧ ಎಂಬುದು ದೇವದುರ್ಗ, ಮಾನ್ವಿ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ.

ಆದರೂ ಬೆಣಚು ಮರಳಿನ ಮೇಲಿನ ಒಂದು ಆರೋಪವನ್ನು ತುಸು ಸಡಿಲಿಸಬೇಕು. ಹೊಸ ತೊಟ್ಟಿಯಲ್ಲಿ ಕಂದು ಬಣ್ಣದ ಡಯಾಟಮ್ ಪಾಚಿ ಬಂದರೆ ಮರಳಿನ ಸಿಲಿಕವನ್ನು ದೂರುವುದು ರೂಢಿ. ಬೆಣಚು ತೊಟ್ಟಿಯ ನೀರಿನಲ್ಲಿ ಕರಗುವುದು ಅತಿ ನಿಧಾನ. ಗ್ರಾನೈಟ್ ನೆಲದ ಬೋರ್‌ವೆಲ್ ನೀರಿನಲ್ಲಿ ಈಗಾಗಲೇ ಕರಗಿರುವ ಸಿಲಿಕವೇ ಬಹುತೇಕ ಸಲ ಮೂಲ.

ಎಂ-ಸ್ಯಾಂಡ್, ಫರಸಿ ಪುಡಿ, ಹೊಲದ ಸುಣ್ಣದ ಕಲ್ಲು

ಎಂ-ಸ್ಯಾಂಡ್ ಗ್ರಾನೈಟಿನಂಥ ಗಟ್ಟಿ ಕಲ್ಲನ್ನು ಕ್ರಷರಿನಲ್ಲಿ ಅರೆದದ್ದು. ಅಂಚುಗಳು ಚೂಪು, ದೂಳು ವಿಪರೀತ. ಕಾಂಕ್ರೀಟಿಗೆ ಹಿಡಿತ ಕೊಡುವ ಆ ಚೂಪೇ ತಳದಲ್ಲಿ ಮಲಗುವ ಮೀನಿನ ಮೈ ಕೊರೆಯುತ್ತದೆ.

ನಮ್ಮ ಭಾಗದ ಮನೆಗಳ ಶಹಾಬಾದ್ ಫರಸಿ ಸುಣ್ಣಶಿಲೆ. ಲಿಂಬೆರಸ ಬಿದ್ದ ಕಡೆ ಅದರ ಮೆರುಗು ಹೋಗುವುದಕ್ಕೆ ಇದೇ ಕಾರಣ. ಆದರೆ ಅದರಲ್ಲಿರುವುದು ಕ್ಯಾಲ್ಸೈಟ್, ಜೊತೆಗೆ ಜೇಡಿಯ ಅಂಶ. ಒಡೆದು ಹಾಕಿದರೆ ನೀರು ಬೂದುಬಣ್ಣಕ್ಕೆ ತಿರುಗಿ ತಿಳಿಯಾಗಲು ಸತಾಯಿಸುತ್ತದೆ. ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಕಲ್ಲುಗಳೂ ಹುಳಿ ಬಿದ್ದರೆ ನೊರೆಯುಕ್ಕಿಸುತ್ತವೆ. ಅವೂ ಮಣ್ಣನ್ನು ಒಳಗೇ ಕಟ್ಟಿಕೊಂಡು ಬೆಳೆದವು. ಜೊತೆಗೆ ಹೊಲಕ್ಕೆ ಸುರಿದದ್ದೆಲ್ಲ ಅವುಗಳಲ್ಲಿ ಸೇರಿರಬಹುದು. ಸುಣ್ಣ ಹೌದೇ ಎಂಬುದಷ್ಟೇ ಪರೀಕ್ಷೆಯಲ್ಲ, ಶುದ್ಧವೇ ಎಂಬುದೂ ಮುಖ್ಯ.

ಕಡಲತೀರದ ಮರಳು ಮತ್ತು ಕಾನೂನು

ಕಾರವಾರ, ಮುರುಡೇಶ್ವರ, ಮಲ್ಪೆಗೆ ಪ್ರವಾಸ ಹೋದವರು ಚೀಲ ತುಂಬಿ ತರಬಹುದಲ್ಲ ಎಂದರೆ ಅದೂ ಉಪಯೋಗವಿಲ್ಲ. ಘಟ್ಟದ ನದಿಗಳು ಹೊತ್ತು ತಂದ ನಮ್ಮ ಕರಾವಳಿಯ ಮರಳು ಹೆಚ್ಚಾಗಿ ಬೆಣಚು, ನಡುವೆ ಚಿಪ್ಪಿನ ಚೂರು. ಕರ್ನಾಟಕದಲ್ಲಿ ಹವಳಗಳಿಗೆ ಹೆಸರಾದದ್ದು ಮುರುಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪ. ಅಲ್ಲಿಂದ ಹವಳವನ್ನಾಗಲಿ ಹವಳದ ಚೂರನ್ನಾಗಲಿ ತರುವಂತಿಲ್ಲ. ಗಟ್ಟಿ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವುಗಳಿಗೂ ಇದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ತೀರದ ಮರಳು ಗಣಿಗಾರಿಕೆಗೂ ತಡೆ ಹಾಕಿವೆ.

ಆದ್ದರಿಂದ ಹವಳದ ಮರಳು, ಪುಡಿಹವಳ ಎಂದು ಮಾರುವ ಸರಕಿನ ಮೂಲ ಕೇಳುವುದು ಕೊಳ್ಳುವವರ ಹಕ್ಕೂ ಹೌದು, ಹೊಣೆಯೂ ಹೌದು. ಕಾನೂನುಬದ್ಧವಾಗಿ ಆಮದಾದ, ಮುಚ್ಚಿದ ಚೀಲದ ಮೇಲೆ ದೇಶ, ಖನಿಜ, ಕಣದ ಗಾತ್ರ ನಮೂದಿಸಿದ, ಬಿಲ್ಲು ಇರುವ ಸರಕನ್ನಷ್ಟೇ ಕೊಳ್ಳಬೇಕು. ಬಿಡಿಯಾಗಿ ತೂಗಿ ಕೊಡುವ ಬಿಳಿ ಚೂರುಗಳಲ್ಲಿ ಹವಳದ ನಕ್ಷತ್ರದಂಥ ಗುಳಿಗಳು ಎದ್ದು ಕಂಡರೆ, ಅದು ಎಲ್ಲಿಂದ ಬಂತೆಂದು ತಿಳಿಯದೆ ಹಣ ಕೊಡಬಾರದು.

ಎಷ್ಟು ದಪ್ಪ, ಎಷ್ಟು ಕಿಲೋ?

ಜೋರು ಸೆಳವಿನ ತೊಟ್ಟಿಗೆ 2ರಿಂದ 4 ಸೆಂಟಿಮೀಟರ್ ದಪ್ಪದ ಪದರ ಸಾಕು. 10ರಿಂದ 15 ಸೆಂಟಿಮೀಟರ್ ಆಳದ ಹಾಸು ಹಾಕಿ, ಆಮ್ಲಜನಕ ಇಲ್ಲದ ಕೆಳಪದರದಲ್ಲಿ ಬ್ಯಾಕ್ಟೀರಿಯಾಗಳಿಂದ ನೈಟ್ರೇಟನ್ನು ಸಾರಜನಕವಾಗಿಸುವ ಪದ್ಧತಿಯೂ ಉಂಟು. ಅದಕ್ಕೆ ನುಣುಪು ಮರಳು ಬೇಕು, ಕದಡದೆ ಬಿಡಬೇಕು. ಇವೆರಡೂ ಜೋರು ಸೆಳವಿಗೆ ಒಗ್ಗುವುದಿಲ್ಲ. ಆಳದ ಹಾಸಿಗೆ ಒಮ್ಮೆಲೇ ಗುಂಡಿ ಬಿದ್ದರೆ ಅಡಿಯಲ್ಲಿ ಕೂಡಿಟ್ಟ ಹೈಡ್ರೊಜನ್ ಸಲ್ಫೈಡ್ ಹೊರಬಂದು ಮೀನಿಗೆ ಕುತ್ತಾಗಬಹುದು.

ತೂಕದ ಲೆಕ್ಕ ಹೀಗೆ: 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತಳಕ್ಕೆ 3 ಸೆಂಟಿಮೀಟರ್ ಪದರವೆಂದರೆ ಸುಮಾರು 12 ಲೀಟರ್. ಒಣ ಅರಗೊನೈಟ್ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುವುದರಿಂದ 18 ಕಿಲೋ ಬೇಕು. ಬಂಡೆಗಳನ್ನು ಮೊದಲು ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲಿಟ್ಟ ಬಂಡೆ ಅಡಿ ಸವೆದಾಗ ವಾಲುತ್ತದೆ.

ಮರಳನ್ನು ನಂಬಿದ ಜೀವಿಗಳು

ಸಾಕುವ ಪ್ರಾಣಿಯಿಂದಲೂ ಆಯ್ಕೆ ಬದಲಾಗುತ್ತದೆ. ಹ್ಯಾಲಿಕೊಯೆರಿಸ್ ಜಾತಿಯ ರ‍್ಯಾಸ್ ಮೀನುಗಳು ರಾತ್ರಿ ಮರಳಿನೊಳಗೆ ಹೂತು ಮಲಗುತ್ತವೆ. ಅವುಗಳಿಗೆ ಕನಿಷ್ಠ 5 ಸೆಂಟಿಮೀಟರ್ ಆಳ, ಚೂಪಿಲ್ಲದ ಕಣ ಬೇಕು. ವ್ಯಾಲೆನ್ಸಿಯೆನ್ನಿಯ ಗೋಬಿಗಳು ಮರಳನ್ನು ಬಾಯಿಗೆ ತುಂಬಿ ಕಿವಿರಿನಿಂದ ಜರಡಿ ಹಿಡಿದು ಆಹಾರ ಹುಡುಕುವುದರಿಂದ 2 ಮಿಲಿಮೀಟರಿನ ಹರಳು ಅವಕ್ಕೆ ಕಷ್ಟ. ಮೇಲೆ ಈಜುತ್ತಾ ಮರಳು ಉಗುಳಿ ಹವಳದ ಮೇಲೆ ಸುರಿಯುವುದೂ ಅವುಗಳ ಚಾಳಿ, ಹೀಗಾಗಿ ಸೆಳವಿನ ತೊಟ್ಟಿಗೆ ಅವು ಬೇಡ. ನಸ್ಸೇರಿಯಸ್ ಬಸವನಹುಳು ಒರಟು ಮರಳಿನಲ್ಲೂ ಹೂತು ಬದುಕಬಲ್ಲದು. ರ‍್ಯಾಸ್ ಸಾಕಲೇಬೇಕೆಂದರೆ ಬಂಡೆಯ ಮರೆಯ ಸೆಳವಿಲ್ಲದ ಮೂಲೆಯಲ್ಲಿ ಅಗಲ ಬಾಯಿಯ ಪೆಟ್ಟಿಗೆಯೊಂದನ್ನಿಟ್ಟು ಅದಕ್ಕಷ್ಟೇ ನುಣುಪು ಮರಳು ತುಂಬುವ ಉಪಾಯವಿದೆ.

ಮನೆಯಲ್ಲೇ ಮೂರು ಪರೀಕ್ಷೆ

ಮೊದಲನೆಯದು ವಿನೆಗರ್. ಒಂದು ಚಮಚ ಮರಳಿನ ಮೇಲೆ ಹಾಕಿದರೆ ಅರಗೊನೈಟ್ ಸಣ್ಣಗೆ ನೊರೆಯುಕ್ಕುತ್ತದೆ; ಬೆಣಚು ಸುಮ್ಮನಿರುತ್ತದೆ. ಅಲ್ಲಲ್ಲಿ ಮಾತ್ರ ಗುಳ್ಳೆ ಬಂದರೆ ಬೆರಕೆ. ಎರಡನೆಯದು ಅಯಸ್ಕಾಂತ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಕಪ್ಪು ಕಣ ಅಂಟಿದರೆ ಬೇಡ. ಮೂರನೆಯದು ಗೌಂಡಿಗಳ ಬಾಟಲಿ ಪರೀಕ್ಷೆ. ಅರ್ಧ ಬಾಟಲಿ ಮರಳು, ಮೇಲೆ ನೀರು ತುಂಬಿ ಕುಲುಕಿ ಇಡಿ. ದಪ್ಪ ಕಣ ಕೆಲವೇ ಸೆಕೆಂಡುಗಳಲ್ಲಿ ಕೂರುತ್ತದೆ; ಅರ್ಧ ಗಂಟೆಯಾದರೂ ನೀರು ಹಾಲಿನಂತಿದ್ದರೆ ಪುಡಿ ಹೆಚ್ಚಿದೆ ಎಂದರ್ಥ.

ಒಣ ಮರಳನ್ನು ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ನೀರು ತಿಳಿಯಾಗುವವರೆಗೆ ತೊಳೆದು, ಕೊನೆಯ ತೊಳೆತವನ್ನು ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರಿನಲ್ಲೇ ಮುಗಿಸಬೇಕು. ಬ್ಯಾಕ್ಟೀರಿಯಾ ಸಮೇತ ಒದ್ದೆಯಾಗಿ ಬರುವ ಜೀವಂತ ಮರಳಿನ ಚೀಲಕ್ಕೆ ದೂರದ ಪ್ರಯಾಣ, ಬೇಸಿಗೆಯ ಗೋದಾಮು ಒಳ್ಳೆಯದಲ್ಲ. ಬಿಸಿಲಿಗೆ ಒಳಗಿನ ಜೀವಿಗಳು ಸತ್ತರೆ ತೊಟ್ಟಿಗೆ ಸುರಿದಾಗ ಅಮೋನಿಯ ಏರುತ್ತದೆ. ರಾಯಚೂರು ಸೀಮೆಗೆ ತರಿಸುವವರಿಗೆ ಒಣ ಮರಳೇ ಮೇಲು. ಬೇರೆಯವರ ಹಳೆಯ ತೊಟ್ಟಿಯ ಮರಳು ಅಗ್ಗವೆಂದು ಕೊಳ್ಳಬಾರದು; ಸುಣ್ಣದ ಕಣಗಳು ವರ್ಷಗಟ್ಟಲೆ ಹೀರಿಕೊಂಡ ಫಾಸ್ಫೇಟನ್ನು ಹೊಸ ನೀರಿಗೆ ಬಿಡುತ್ತವೆ.

ಬಿಸಿಲು ಮತ್ತು ಕರೆಂಟು

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹವಳಕ್ಕೆ ಬೇಕಾದದ್ದು 25ರಿಂದ 27 ಡಿಗ್ರಿ ನೀರು. ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಇಲ್ಲಿ ಹವಳ ಸಾಕುವ ಯೋಚನೆ ಮಾಡುವಂತಿಲ್ಲ. ಆವಿಯಾದಷ್ಟು ಆರ್‌ಒ ನೀರನ್ನು ದಿನವೂ ತುಂಬಬೇಕು.

ಕರೆಂಟ್ ಹೋದಾಗ ಪಂಪು ನಿಂತು, ನೀರಿನಲ್ಲಿ ತೇಲುತ್ತಿದ್ದ ಕಸವೆಲ್ಲ ಮರಳಿನ ಮೇಲೆ ಕೂರುತ್ತದೆ. ಕರೆಂಟ್ ಬಂದ ಕ್ಷಣ ಪಂಪುಗಳು ಒಮ್ಮೆಲೇ ಪೂರ್ತಿ ವೇಗಕ್ಕೆ ಹೋದರೆ ಅದಷ್ಟೂ ಎದ್ದು ಹವಳವನ್ನು ಮುಚ್ಚುತ್ತದೆ. ವೇಗವನ್ನು ಹಂತಹಂತವಾಗಿ ಏರಿಸುವ ಡಿಸಿ ಪಂಪು, ಕನಿಷ್ಠ ಒಂದು ಪಂಪಿಗಾದರೂ ಬ್ಯಾಟರಿ ಬೆಂಬಲ ಇದ್ದರೆ ಮರಳೂ ಹವಳವೂ ಉಳಿಯುತ್ತವೆ. ಹೊಸ ಮರಳು ಹಾಕಿದಾಗಲೂ ಇದೇ ಕ್ರಮ. ಮೊದಲು ಅರ್ಧ ವೇಗದಲ್ಲಿ ಓಡಿಸಿ, ಕಣಗಳ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿ ಒಂದಕ್ಕೊಂದು ತುಸು ಅಂಟಿಕೊಂಡ ಮೇಲೆ ವೇಗ ಹೆಚ್ಚಿಸಬೇಕು.

ಮರಳೇ ಇಲ್ಲದ ತೊಟ್ಟಿ

1ರಿಂದ 2 ಮಿಲಿಮೀಟರ್ ಮರಳು ಹಾಕಿ, ಪಂಪಿನ ಮುಖ ಮೇಲಕ್ಕೆತ್ತಿ, ಹೊಡೆತ ಬೀಳುವ ಕಡೆ ದಪ್ಪ ಹರಳು ಹರಡಿದ ಮೇಲೂ ಗುಂಡಿ ಬೀಳುತ್ತಿದ್ದರೆ ಉಳಿದಿರುವುದು ಎರಡೇ ದಾರಿ: ಸೆಳವು ತಗ್ಗಿಸುವುದು, ಇಲ್ಲವೇ ಮರಳು ಬಿಡುವುದು. ಅಕ್ರೊಪೋರದಂಥ ಹವಳಗಳನ್ನಷ್ಟೇ ಬೆಳೆಸುವ ಎಷ್ಟೋ ಮಂದಿ ತಳವನ್ನು ಬರಿದಾಗಿಯೇ ಇಡುತ್ತಾರೆ. ಕಸ ಕೂರಲು ಜಾಗವಿಲ್ಲ, ಪೈಪಿನಿಂದ ಎಳೆದು ತೆಗೆಯುವುದು ಸುಲಭ, ಪಂಪನ್ನು ಪೂರ್ತಿ ವೇಗದಲ್ಲಿ ಓಡಿಸಬಹುದು. ಆದರೆ ಹೂತು ಮಲಗುವ ಮೀನುಗಳನ್ನು ಸಾಕಲಾಗದು, ಬ್ಯಾಕ್ಟೀರಿಯಾಗಳಿಗೆ ಜಾಗ ಕಡಿಮೆಯಾದ್ದರಿಂದ ಬಂಡೆ ಹೆಚ್ಚು ಬೇಕು. ಕೆಲವು ತಿಂಗಳಲ್ಲಿ ತಳದ ಗಾಜಿನ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹಬ್ಬಿಕೊಂಡರೆ ನೋಟಕ್ಕೂ ಕೊರತೆಯಿರದು. ಯಾವ ಹವಳ ಸಾಕಬೇಕೆಂಬುದು ಸೆಳವನ್ನು ನಿರ್ಧರಿಸುತ್ತದೆ. ಆ ಸೆಳವಿಗೆ ನಿಲ್ಲುವ ಮರಳು ಸಿಗದಿದ್ದರೆ ಮರಳಿಲ್ಲದಿರುವುದೇ ಸರಿಯಾದ ಆಯ್ಕೆ.